ರಾಯಚೂರಿಗೆ ವರ್ಗವಾಗಿದೆ: ಮನೆಯವರನ್ನೂ ಕರೆದೊಯ್ಯಬೇಕೇ?

ಪ್ರಶ್ನೆ: ಬ್ಯಾಂಕ್ ಉದ್ಯೋಗಿಯಾದ ನನಗೆ ಬೆಂಗಳೂರಿನಿಂದ ರಾಯಚೂರಿಗೆ ವರ್ಗವಾಗಿದ್ದು, ಜೂನ್ ಮೊದಲ ವಾರ ಹಾಜರಾಗಬೇಕಿದೆ. ಪತಿ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತಾರೆ, ಮಗ ಆರನೆಯ ತರಗತಿಗೆ ಸೇರಬೇಕು, ಎಪ್ಪತ್ತೆರಡು ವರ್ಷದ ಅತ್ತೆಯವರಿಗೆ ಹೃದಯದ ತೊಂದರೆಯಿದೆ. ಎಲ್ಲರೂ ಹೋಗುವುದೋ, ನಾನೊಬ್ಬಳೇ ಕೋಣೆ ಹಿಡಿದು ವಾರಕ್ಕೊಮ್ಮೆ ಬಂದುಹೋಗುವುದೋ? ಅಲ್ಲಿ ಇದ್ದವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ ಬಂದು ಒಂಬತ್ತು ವರ್ಷವಾದ ಅಧ್ಯಾಪಕಿಯ ಉತ್ತರ:

ಮೊದಲ ವರ್ಷ ನಾನೂ ಒಬ್ಬಳೇ ಇದ್ದೆ. ಮುಂಬೈ–ಚೆನ್ನೈ ಮಾರ್ಗದ ನಿಲ್ದಾಣವಾದ್ದರಿಂದ ರಾಯಚೂರಿಗೆ ರೈಲಿನ ಕೊರತೆಯಿಲ್ಲ. ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ, 2024ರಿಂದ ಕಲಬುರಗಿ–ಬೆಂಗಳೂರು ವಂದೇ ಭಾರತ್ ಕೂಡ ಇಲ್ಲಿ ನಿಲ್ಲುತ್ತದೆ. ಹಾಗಾಗಿ ಓಡಾಟ ಸಾಧ್ಯ. ಆದರೆ ಆ ಇಡೀ ವರ್ಷದಲ್ಲಿ ನನಗೆ ಪರಿಚಯವಾದದ್ದು ಕಾಲೇಜು, ಖಾನಾವಳಿ ಮತ್ತು ರೈಲು ನಿಲ್ದಾಣ ಮಾತ್ರ. ಈ ಊರಿನ ಮದುವೆ, ಸೀಮಂತ, ಜಾತ್ರೆ, ನೆರೆಹೊರೆಯ ಹರಟೆ ಎಲ್ಲವೂ ಶನಿವಾರ–ಭಾನುವಾರಗಳಲ್ಲೇ ಹೆಚ್ಚು. ನಾನು ಆ ಎರಡೂ ದಿನ ಊರಲ್ಲಿರುತ್ತಿರಲಿಲ್ಲ. ಎರಡನೆಯ ವರ್ಷ ಪತಿ ಮತ್ತು ಮಗಳು ಬಂದ ಮೇಲೆ, ಪಕ್ಕದ ಮನೆಯ ಹಿರಿಯರು ಮೊದಲ ದಿನವೇ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ತಂದುಕೊಟ್ಟು, “ಅಡಿಗಿ ಮನಿ ಜೋಡಿಸೋತನಾ ಇಲ್ಲೇ ಊಟಕ್ಕ ಬರ್ರಿ ಅಕ್ಕಾರ” ಎಂದರು. ಹನ್ನೆರಡು ತಿಂಗಳು ಅದೇ ಬೀದಿಯಲ್ಲಿ ಕೋಣೆ ಹಿಡಿದಿದ್ದರೂ ಅವರು ನನ್ನೊಡನೆ ಮಾತನಾಡಿರಲಿಲ್ಲ. ಬಾಗಿಲಿಗೆ ಬೀಗ ಬಿದ್ದಿರುವ ಮನೆಯೊಡನೆ ಯಾರು ತಾನೇ ಮಾತನಾಡುತ್ತಾರೆ! ಆದ್ದರಿಂದ ಕುಟುಂಬವನ್ನು ಕರೆತನ್ನಿ ಎಂಬುದೇ ನನ್ನ ಸಲಹೆ.

ಮನೆ ಆರಿಸುವಾಗ ಮಾತ್ರ ಅವಸರ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುವುದು ವಾಡಿಕೆ, ಮಳೆ ಹಿಡಿಯುವವರೆಗೆ ಜೂನ್ ಕೂಡ ಬೇಸಿಗೆಯೇ. ಬಯಲುಸೀಮೆಯ ಮನೆಯನ್ನು ಬೆಳಗಿನ ತಂಪಿನಲ್ಲಿ ನೋಡಿ ಒಪ್ಪಿಕೊಳ್ಳಬಾರದು. ಮಧ್ಯಾಹ್ನ ಮೂರಕ್ಕೆ ಹೋಗಿ, ಮಲಗುವ ಕೋಣೆಯ ಪಶ್ಚಿಮದ ಗೋಡೆಯ ಮೇಲೆ ಅಂಗೈಯಿಟ್ಟು ನೋಡಬೇಕು. ನಾವು ಬಾಡಿಗೆ ಕಡಿಮೆಯೆಂದು ಮೇಲ್ಮಹಡಿ ಹಿಡಿದಿದ್ದೆವು. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಎರಡರವರೆಗೂ ಕೆಳಗೆ ಕಾವು ಬಿಡುತ್ತಿತ್ತು, ನಲ್ಲಿಯ ನೀರು ಸಂಜೆಗೂ ಕೈಗೆ ತಾಕುವಂತಿರಲಿಲ್ಲ. ತಲೆಯ ಮೇಲೆ ಇನ್ನೊಂದು ಅಂತಸ್ತು ಇರುವ ಮನೆಗೆ ಬದಲಾಯಿಸಿದ ಮೇಲೆಯೇ ಮಗಳು ನೆಮ್ಮದಿಯಾಗಿ ನಿದ್ದೆ ಮಾಡಿದ್ದು. ಗಾಳಿ ಒಣಗಿರುವ ಮೇ ತಿಂಗಳವರೆಗೆ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆ ಬಂದು ತೇವ ಏರಿದ ಮೇಲೆ ಅದರಿಂದ ಸೆಖೆಯೇ ಹೆಚ್ಚು.

ನಿಮ್ಮ ಮಗನ ಬಗ್ಗೆ ಒಂದು ಮಾತು. ಇಲ್ಲಿನ ಮಕ್ಕಳು ಆಟದ ನಡುವೆ ಕನ್ನಡ, ತೆಲುಗು, ಉರ್ದು ಮೂರನ್ನೂ ಲೀಲಾಜಾಲವಾಗಿ ಬದಲಾಯಿಸುತ್ತಾರೆ, ಅವನೂ ವರ್ಷದೊಳಗೆ ಕಲಿಯುತ್ತಾನೆ. ಕಾರಹುಣ್ಣಿಮೆ ಸಾಮಾನ್ಯವಾಗಿ ಜೂನ್‌ನಲ್ಲೇ ಬರುವುದರಿಂದ, ಭಾರವಾದ ಕಲ್ಲು ಎಳೆಯುವ ಎತ್ತುಗಳ ಸ್ಪರ್ಧೆಗೆ ಅವನನ್ನು ತಪ್ಪದೆ ಕರೆದೊಯ್ಯಿರಿ.

ನಿಜಲಿಂಗಪ್ಪ ಕಾಲೊನಿಯ ನಿವಾಸಿಯೊಬ್ಬರ ಉತ್ತರ:

ಅಧ್ಯಾಪಕಿಯವರು ಹೇಳಿದ್ದಕ್ಕೆ ನೀರಿನ ವಿಷಯವನ್ನು ಸೇರಿಸುತ್ತೇನೆ. ಕೃಷ್ಣಾ, ತುಂಗಭದ್ರಾ ಎರಡರ ನಡುವಿನ ದೋಆಬ್ ಎಂದು ಪಾಠದಲ್ಲಿ ಓದಿದವರು ಇಲ್ಲಿ ನೀರಿಗೇನು ಬರ ಎಂದುಕೊಳ್ಳುತ್ತಾರೆ, ನಾನೂ ಹಾಗೆಯೇ ಎಣಿಸಿದ್ದೆ. ಆದರೆ ತುಂಗಭದ್ರಾ ಎಡದಂಡೆ ಕಾಲುವೆಗೆ ರಾಯಚೂರು ಕೊನೆಯ ಭಾಗ, ಬೇಸಿಗೆಯಲ್ಲಿ ಆ ಕಷ್ಟ ಅರಿವಾಗುತ್ತದೆ. ನೆಲದಡಿಯ ತೊಟ್ಟಿ ಎಷ್ಟು ದೊಡ್ಡದು, ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು, ಕೊಳವೆಬಾವಿಯ ನೀರು ಉಪ್ಪೋ ಸಿಹಿಯೋ ಎಂಬ ಮೂರನ್ನು ಮನೆಯ ಒಡೆಯರಲ್ಲಿ ಕೇಳಿ, ಬಳಿಕ ಅದೇ ಬೀದಿಯ ಇನ್ನೊಂದು ಮನೆಯಲ್ಲಿಯೂ ಕೇಳಿ. ಕುಡಿಯಲು ಕ್ಯಾನ್ ನೀರು ಅಥವಾ ಶುದ್ಧೀಕರಣ ಯಂತ್ರ ಬೇಕೇಬೇಕು. ಪತಿಯವರ ಕೆಲಸಕ್ಕೆ ಫೈಬರ್ ಸಂಪರ್ಕ ಸಿಗುತ್ತದೆ. ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ ರಾಜ್ಯಕ್ಕೆಲ್ಲ ವಿದ್ಯುತ್ ಕೊಡುವ ಶಾಖೋತ್ಪನ್ನ ಕೇಂದ್ರವಿದ್ದರೂ ನಮ್ಮ ಬೀದಿಯಲ್ಲಿ ಬೇಸಿಗೆಯ ಮಧ್ಯಾಹ್ನ ಕರೆಂಟು ಹೋಗುವುದುಂಟು, ಆದ್ದರಿಂದ ಇನ್ವರ್ಟರ್ ಹಾಕಿಸಿಕೊಳ್ಳಿ.

ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷವಿದ್ದು ಹುಟ್ಟೂರಿಗೆ ಮರಳಿದವರ ಉತ್ತರ:

ನನ್ನ ಊರಿನ ಮೇಲೆ ನನಗೆ ಬಹಳ ಪ್ರೀತಿ. ಮುಂಜಾನೆ ತೀನ್ ಕಂದೀಲ್ ಬಳಿ ಮಂಡಾಳ ಒಗ್ಗರಣೆ, ಬಿಸಿ ಮಿರ್ಚಿ ತಿಂದು ಹತ್ತು ನಿಮಿಷದಲ್ಲಿ ಕೆಲಸಕ್ಕೆ ತಲುಪುವ ಬದುಕನ್ನು ಬೆಂಗಳೂರು ನನಗೆ ಕೊಡಲಿಲ್ಲ. ಆದರೂ ನಿಮ್ಮ ಅತ್ತೆಯವರ ವಿಷಯದಲ್ಲಿ ಮೇಲಿನವರಿಗಿಂತ ಭಿನ್ನವಾಗಿ ಹೇಳಲೇಬೇಕಾಗಿದೆ. ಮೂರು ವರ್ಷದ ಹಿಂದೆ ನನ್ನ ತಂದೆಗೆ ರಾತ್ರಿ ಎದೆನೋವು ಬಂದಾಗ ಇಲ್ಲಿಯ ವೈದ್ಯರು ಮೊದಲ ಚಿಕಿತ್ಸೆಯನ್ನು ಬೇಗನೆ, ಸರಿಯಾಗಿ ಕೊಟ್ಟರು. ಮುಂದಿನದಕ್ಕೆ ಹೈದರಾಬಾದಿಗೆ ಕರೆದೊಯ್ಯಿರಿ ಎಂದರು. ಆಂಬುಲೆನ್ಸ್‌ನಲ್ಲಿ ಅವರ ಕೈಹಿಡಿದು ಕುಳಿತ ಆ ನಾಲ್ಕೂವರೆ ತಾಸನ್ನು ನಾನು ಮರೆತಿಲ್ಲ. ತಂದೆ ಉಳಿದರು. ನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ರಿಮ್ಸ್ ಇದೆ, ಖಾಸಗಿ ಆಸ್ಪತ್ರೆಗಳೂ ಇವೆ. ಆದರೆ ದೊಡ್ಡ ಕಾಯಿಲೆಯೆಂದರೆ ಹೈದರಾಬಾದಿನ ದಾರಿ ಹಿಡಿಯುವುದು ಇಲ್ಲಿನ ಬಹಳ ಕುಟುಂಬಗಳ ಅನುಭವ, 2022ರಿಂದ ಜನ ಏಮ್ಸ್‌ಗಾಗಿ ಧರಣಿ ಕುಳಿತದ್ದೂ ಅದಕ್ಕಾಗಿಯೇ.

ಹಾಗೆಂದು ಅತ್ತೆಯವರು ಬರಲೇಬಾರದೆಂದಲ್ಲ. ಬೆಂಗಳೂರಿನ ಹೃದ್ರೋಗ ತಜ್ಞರನ್ನು ಕೇಳಿ, ಹಳೆಯ ವರದಿಗಳ ಪ್ರತಿಯನ್ನೆಲ್ಲ ತನ್ನಿ. ಬಂದ ಮೊದಲ ತಿಂಗಳಲ್ಲೇ ಇಲ್ಲೊಬ್ಬ ವೈದ್ಯರ ಪರಿಚಯ ಮಾಡಿಕೊಂಡು, ಹೈದರಾಬಾದಿನ ಒಂದು ಆಸ್ಪತ್ರೆಯನ್ನೂ ಮೊದಲೇ ಗೊತ್ತುಮಾಡಿ, ನಿಮ್ಮ ವಿಮೆ ಅಲ್ಲಿ ನಡೆಯುತ್ತದೆಯೇ ಎಂದು ವಿಚಾರಿಸಿ. ಮಗನಿಗೂ ಒಂದು ಸಂಗತಿ ತಿಳಿದಿರಲಿ: ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕಕ್ಕೆ ಶಿಕ್ಷಣ, ಉದ್ಯೋಗಗಳಲ್ಲಿರುವ ಮೀಸಲಾತಿ ಈ ಭಾಗದಲ್ಲಿ ಹುಟ್ಟಿದವರಿಗೆ ಅಥವಾ ದೀರ್ಘಕಾಲ ನೆಲೆಸಿದವರಿಗೆ ಸಲ್ಲುವಂಥದ್ದು, ಇಲ್ಲಿ ಶಾಲೆಗೆ ಸೇರಿದೊಡನೆ ದೊರೆಯುವುದಿಲ್ಲ. ನೀವು ಮೂವರು ಜೂನ್‌ನಲ್ಲೇ ಬನ್ನಿ. ಅತ್ತೆಯವರು ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಬರಲಿ. ಸುಗ್ಗಿಯವರೆಗೆ ಇದ್ದು ನೋಡಿ, ಬೇಸಿಗೆಗೆ ಉಳಿಯಬೇಕೋ ಬೇಡವೋ ಎಂಬುದನ್ನು ಅವರೇ ಹೇಳಲಿ.