ವಿ-2 ಕ್ಷಿಪಣಿಯಿಂದಲೇ ಬಾಹ್ಯಾಕಾಶ ಯಾನ ಶುರುವಾಯಿತಾ?

ಪ್ರಶ್ನೆ: ಜರ್ಮನಿಯ ವಿ-2 ಎರಡನೇ ಮಹಾಯುದ್ಧಕ್ಕೆ ಮಾಡಿದ್ದು ಅಲ್ವಾ? ಲಂಡನ್ ಮೇಲೆ ಬೀಳುತ್ತಿದ್ದ ಕ್ಷಿಪಣಿಗೂ ಉಪಗ್ರಹಕ್ಕೂ ಏನು ಸಂಬಂಧ? ಸುಮ್ನೆ ಹೇಳುವ ಮಾತಾ ಇದು?

ಉತ್ತರ 1: ಸುಮ್ನೆ ಅಲ್ಲ. 1944ರಲ್ಲಿ ನೇರ ಮೇಲಕ್ಕೆ ಹಾರಿಸಿದ ಒಂದು ವಿ-2 ಸುಮಾರು 175 ಕಿ.ಮೀ. ಎತ್ತರ, ಅಂದರೆ ಬಾಹ್ಯಾಕಾಶವನ್ನೇ ಮುಟ್ಟಿತ್ತು. ಆದರೆ ವಾಪಸ್ ಬಿತ್ತು, ಯಾಕೆಂದರೆ ಕಕ್ಷೆಯಲ್ಲಿ ಉಳಿಯಲು ಸೆಕೆಂಡಿಗೆ ಸುಮಾರು 7.8 ಕಿ.ಮೀ. ಅಡ್ಡ ವೇಗ ಬೇಕು, ಇದರದ್ದು 1.6ರ ಆಸುಪಾಸು. ನನ್ನ ಪ್ರಕಾರ ಅಸಲಿ ಸಾಧನೆ ಎಂಜಿನ್. ಆಲ್ಕೋಹಾಲ್ ಮತ್ತು ದ್ರವ ಆಮ್ಲಜನಕವನ್ನು ಟರ್ಬೈನ್ ಪಂಪಿನಿಂದ ಒಳಗೆ ತಳ್ಳಿ ಉರಿಸಿ 25 ಟನ್‌ನಷ್ಟು ನೂಕುಬಲ ತೆಗೆಯುತ್ತಿದ್ದರು, ಅದೇ ಆಲ್ಕೋಹಾಲನ್ನು ಎಂಜಿನ್ ಗೋಡೆಯೊಳಗೆ ಹರಿಸಿ ತಂಪೂ ಮಾಡುತ್ತಿದ್ದರು. ಅಮೆರಿಕದ ವಿಜ್ಞಾನಿ ಗೊಡಾರ್ಡ್ 1926ರಲ್ಲೇ ದ್ರವ ಇಂಧನದ ರಾಕೆಟ್ ಹಾರಿಸಿದ್ದ, ಆದರೆ ಅದು ಮೇಲಿದ್ದದ್ದು ಎರಡೂವರೆ ಸೆಕೆಂಡ್!

ಉತ್ತರ 2: ಯುದ್ಧ ಮುಗಿದ ಮೇಲೆ ವಿ-2 ರೂಪಿಸಿದ ಎಂಜಿನಿಯರ್ ಫಾನ್ ಬ್ರೌನ್ ಮತ್ತು ಅವನ ತಂಡ ಅಮೆರಿಕಕ್ಕೆ ಹೋದರು. ಸೋವಿಯತ್ ಕಡೆ ರಾಕೆಟ್ ಎಂಜಿನಿಯರ್ ಕೊರೊಲ್ಯೋವ್ ಮೊದಲು ವಿ-2ರ ನಕಲು ಆರ್-1 ಮಾಡಿದ, ಆಮೇಲೆ ತನ್ನದೇ ಆರ್-7. ಅದೂ ಅಣುಬಾಂಬ್ ಒಯ್ಯಲು ಮಾಡಿದ್ದೇ. 1957ರ ಅಕ್ಟೋಬರ್ 4ರಂದು ಅದೇ ರಾಕೆಟ್ಟು ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹೊತ್ತು ಹೋಯಿತು. ಅಮೆರಿಕದ ಗಗನಯಾತ್ರಿ ಶೆಪರ್ಡ್ 1961ರಲ್ಲಿ ಕೂತು ಹೋದ, ಫಾನ್ ಬ್ರೌನ್ ತಂಡದ ರೆಡ್‌ಸ್ಟೋನ್ ರಾಕೆಟ್ ಕೂಡ ಮೂಲತಃ ಸೇನೆಯ ಕ್ಷಿಪಣಿ.

ಉತ್ತರ 3: ಎಂಜಿನ್ ಹೊಗಳುವಾಗ ಇದನ್ನೂ ಹೇಳಿ. ವಿ-2 ತಯಾರಾಗಿದ್ದು ಸುರಂಗದಲ್ಲಿ, ಮಿಟ್ಟೆಲ್‌ಬೌ-ಡೋರಾ ಎಂಬ ನಾಜಿ ಸೆರೆಶಿಬಿರದ ಕೈದಿಗಳಿಂದ. ಅದು ಬಿದ್ದು ಸತ್ತವರಿಗಿಂತ ಅಲ್ಲಿ ದುಡಿದು ಸತ್ತವರೇ ಜಾಸ್ತಿ.