ಪದಚರ್ಚೆ: ಅಂಗಡಿಯವರಿಗೆ ‘ರಿವ್ಯೂ’ ಅನ್ನು ಏನೆಂದು ಹೇಳೋಣ?

ಗೆಳೆಯರೇ,

ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರುವ ಸಣ್ಣ ಅಂಗಡಿಯವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ದುಡ್ಡು ಖರ್ಚು ಮಾಡದೆ ಆನ್‌ಲೈನ್‌ನಲ್ಲಿ ಅಂಗಡಿಯ ಹೆಸರನ್ನು ನಾಲ್ಕು ಜನರಿಗೆ ಮುಟ್ಟಿಸುವುದು ಹೇಗೆ ಅನ್ನುವುದೇ ಅದರ ವಿಷಯ. ಗೂಗಲ್ ಹುಡುಕಾಟದಲ್ಲಿ, ಮ್ಯಾಪ್‌ನಲ್ಲಿ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್, ವ್ಯಾಪಾರಿಗಳಿಗಾಗಿ ಇರುವ ವಾಟ್ಸಾಪ್ ಬಿಸಿನೆಸ್, ಜನ ಯಾವ ಪದ ಹುಡುಕುತ್ತಾರೆ ಅಂತ ತೋರಿಸುವ ಗೂಗಲ್ ಟ್ರೆಂಡ್ಸ್, ಸದ್ಯಕ್ಕೆ ಈ ಮೂರು ಸಾಕು ಅಂದುಕೊಂಡಿದ್ದೇನೆ. ಎಲ್ಲಿ ಒತ್ತಬೇಕು, ಏನು ತುಂಬಬೇಕು ಅಂತ ಬರೆಯುವುದು ಸಲೀಸು. ಕೆಲವು ಪದಗಳ ಹತ್ತಿರ ಬಂದಾಗ ಮಾತ್ರ ಕೈ ನಿಲ್ಲುತ್ತಿದೆ. ಅದರಲ್ಲೂ ‘ರಿವ್ಯೂ’.

ಗೂಗಲ್ ಮ್ಯಾಪ್ಸ್ ಅನ್ನು ಕನ್ನಡಕ್ಕೆ ಬದಲಿಸಿಕೊಂಡರೆ ಅಲ್ಲಿ ಕಾಣುವುದು ‘ವಿಮರ್ಶೆಗಳು’. ಪದ ತಪ್ಪಲ್ಲ. ವಿಮರ್ಶೆಯ ಧಾತು ‘ಮೃಶ್’, ಅಂದರೆ ಮುಟ್ಟು, ತಡವು. ಸೆರಗು ಮುಟ್ಟಿ ನೋಡಿ ಕೊಳ್ಳುವ ಸೀರೆ ಅಂಗಡಿಗೆ ಇದಕ್ಕಿಂತ ಹೊಂದುವ ಅರ್ಥ ಸಿಗುವುದು ಕಷ್ಟ. ಆದರೆ ಇವತ್ತಿನ ಕನ್ನಡದಲ್ಲಿ ವಿಮರ್ಶೆ ಅಂದರೆ ಪುಸ್ತಕ ವಿಮರ್ಶೆ, ಸಿನಿಮಾ ವಿಮರ್ಶೆ. ಓದಿಕೊಂಡವರು ಮಾಡುವ ಕೆಲಸ. ಮೇಲಾಗಿ ‘ಅವರು ವಿಮರ್ಶೆ ಮಾಡಿದರು’ ಅಂದರೆ ತಪ್ಪು ಹುಡುಕಿದರು ಅಂತಲೇ ಎಷ್ಟೋ ಜನ ತಿಳಿಯುತ್ತಾರೆ. ಕರಡು ಓದಿದ ಅಂಗಡಿಯವರೊಬ್ಬರು ನೇರವಾಗಿ ಕೇಳಿದರು: “ಗಿರಾಕಿ ಕೈಲಿ ವಿಮರ್ಶೆ ಬರಸೂದಂದ್ರ, ನಮ್ಮ ಹುಳುಕು ನಾವ ತಗಿಸಿಕೊಂಡಂಗ ಆಗೂದಿಲ್ಲೇನ್ರಿ?” ಅವರಿಗೆ ವಿವರಿಸಿದೆ, ಅರ್ಥವೂ ಆಯಿತು. ಆದರೆ ಕೈಪಿಡಿ ಓದುವವರ ಪಕ್ಕ ನಾನು ಇರುವುದಿಲ್ಲ ಅಲ್ವಾ?

ಒಂದು ಪದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಇದೆ. ಪ್ರೊಫೈಲ್ ಮಾಡಿಕೊಂಡ ಅಂಗಡಿಗೆ ಗೂಗಲ್ ಒಂದು ಲಿಂಕ್ ಮತ್ತು ಕ್ಯೂಆರ್ ಕೋಡ್ ಕೊಡುತ್ತದೆ. ಅದನ್ನು ಮುದ್ರಿಸಿ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಅಂಟಿಸಬಹುದು. ಗಿರಾಕಿ ಸ್ಕ್ಯಾನ್ ಮಾಡಿದರೆ ಸ್ಟಾರ್ ಕೊಟ್ಟು ಬರೆಯುವ ಜಾಗ ನೇರವಾಗಿ ತೆರೆಯುತ್ತದೆ. ಅಲ್ಲೇ ಯುಪಿಐ ಕ್ಯೂಆರ್ ಕೂಡ ಇರುತ್ತದೆ. ಯಾವುದು ದುಡ್ಡು ಕೊಡಲಿಕ್ಕೆ, ಯಾವುದು ಬರೆಯಲಿಕ್ಕೆ ಅಂತ ಹೇಳಬೇಕಾದ್ದು ಮೇಲಿನ ಒಂದೇ ಒಂದು ಸಾಲು. ಅಲ್ಲಿ ‘ನಮ್ಮ ಅಂಗಡಿಯನ್ನು ವಿಮರ್ಶಿಸಿ’ ಅಂತ ಹಾಕಿದರೆ ಯಾರು ಬರೆಯಲು ಮುಂದಾಗುತ್ತಾರೆ?

ಬೇರೆ ಪದಗಳನ್ನು ಒಂದೊಂದಾಗಿ ಇಟ್ಟು ನೋಡಿದೆ. ‘ಮೆಚ್ಚುಗೆ’ ಕಿವಿಗೆ ಹಿತ. ಆದರೆ ಅದು ಹೊಗಳಿಕೆಯನ್ನಷ್ಟೇ ಕೇಳುತ್ತದೆ. ಒಂದು ಸ್ಟಾರ್ ಕೊಟ್ಟು ‘ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತು’ ಅಂತ ಬರೆದರೆ ಅದೆಂಥ ಮೆಚ್ಚುಗೆ? ಗೂಗಲ್ ನಿಯಮಕ್ಕೂ ಇದು ಹೊಂದುವುದಿಲ್ಲ. ಒಳ್ಳೆಯ ಮಾತನ್ನೇ ಆರಿಸಿ ಕೇಳುವಂತಿಲ್ಲ, ಬರೆದವರಿಗೆ ರಿಯಾಯಿತಿ ಕೊಡುತ್ತೇವೆ ಅನ್ನುವಂತೆಯೂ ಇಲ್ಲ. ‘ಪ್ರತಿಕ್ರಿಯೆ’ ಅಂದರೆ ಇನ್ನೊಂದು ತೊಡಕು: ಗಿರಾಕಿ ಬರೆದದ್ದೂ ಪ್ರತಿಕ್ರಿಯೆ, ಅದಕ್ಕೆ ಅಂಗಡಿಯವರು ಕೊಡುವ ಉತ್ತರವೂ ಪ್ರತಿಕ್ರಿಯೆ ಆಗಿಬಿಡುತ್ತದೆ. ‘ಅಭಿಪ್ರಾಯ’ ಎಲ್ಲರಿಗೂ ಗೊತ್ತಿರುವ ಪದವೇ, ಆದರೆ ಕೇಳಿದ ಕೂಡಲೇ ಯೋಚಿಸಿ ಹೇಳಬೇಕೇನೋ ಅನಿಸುತ್ತದೆ. ‘ಬಾಯಿಮಾತು’ ಆಸೆ ಹುಟ್ಟಿಸಿತು. ಅಂಗಡಿಯ ಹೆಸರು ಬಾಯಿಂದ ಬಾಯಿಗೆ ಹರಡುವುದೇ ನಮ್ಮ ಹಳೆಯ ದಾರಿ. ಆದರೆ ‘ಅದು ಬರೀ ಬಾಯಿಮಾತು’ ಅಂದರೆ ನಂಬಲಾಗದ ಮಾತು. ಕೈಬಿಟ್ಟೆ.

ನನ್ನ ಒಲವು ‘ಅನಿಸಿಕೆ’ಯ ಕಡೆಗಿದೆ. ಸೀರೆ ಒಯ್ದು ಉಟ್ಟಾಗ ಏನು ಅನಿಸಿತೋ ಅದು. ಸರಿ ತಪ್ಪಿನ ಭಾರ ಇಲ್ಲ, ಹೊಗಳಿಕೆಯ ಒತ್ತಾಯವೂ ಇಲ್ಲ. ಕ್ಯೂಆರ್ ಮೇಲಿನ ಸಾಲಿಗೆ ನಾಮಪದವೇ ಬೇಕಾಗಲಿಲ್ಲ: “ನಮ್ಮಲ್ಲಿ ಖರೀದಿ ಹೇಗನಿಸಿತು? ಇಲ್ಲಿ ಸ್ಕ್ಯಾನ್ ಮಾಡಿ ನಾಲ್ಕು ಮಾತು ಬರೆಯಿರಿ.” ‘ಅನಿಸಿಕೆಗೆ ಉತ್ತರ ಕೊಡಿ, ನಿಮ್ಮ ಉತ್ತರ ಎಲ್ಲರಿಗೂ ಕಾಣುತ್ತದೆ’ ಅನ್ನುವುದೂ ಚೆನ್ನಾಗಿಯೇ ಕೂತಿತು.

ಸಿಕ್ಕಿಹಾಕಿಕೊಂಡದ್ದು ‘ಫೇಕ್ ರಿವ್ಯೂ’ ಬಂದಾಗ. ಅಂಗಡಿಗೆ ಕಾಲೇ ಇಡದವರು ಬರೆದದ್ದನ್ನು ‘ನಕಲಿ ಅನಿಸಿಕೆ’ ಅನ್ನಬಹುದೇ? ಅನಿಸಿಕೆ ಒಳಗಿನದು. ಅದು ಸರಿ ಇರಬಹುದು, ತಪ್ಪಿರಬಹುದು; ನಕಲಿ ಹೇಗಾದೀತು? ಇಂಥದ್ದನ್ನು ಮಾಲೀಕರೇ ಅಳಿಸುವಂತಿಲ್ಲ. ನಿಯಮ ಮೀರಿದೆ ಅಂತ ಗೂಗಲ್‌ಗೆ ದೂರು ಕೊಡಬಹುದು, ತೆಗೆಯುವುದು ಬಿಡುವುದು ಅವರಿಗೆ ಸೇರಿದ್ದು. ಹಾಗಾಗಿ ಕೈಪಿಡಿಯಲ್ಲಿ ಇದಕ್ಕೆ ಸ್ಪಷ್ಟವಾದ ಹೆಸರು ಬೇಕೇ ಬೇಕು. ಸದ್ಯಕ್ಕೆ ‘ಸುಳ್ಳು ಬರಹ’ ಅಂತ ಹಾಕಿದ್ದೇನೆ, ಮನಸ್ಸು ಒಪ್ಪಿಲ್ಲ.

ಎರಡನೆಯ ತೊಡಕು ‘ಫ್ರೀ’. ಸಂಸ್ಕೃತದಲ್ಲಿ ಉಚಿತ ಅಂದರೆ ತಕ್ಕದ್ದು. ಅನುಚಿತ, ಸಮಯೋಚಿತ ಅನ್ನುವಾಗ ನಮ್ಮಲ್ಲೂ ಆ ಅರ್ಥ ಉಳಿದಿದೆ. ಆದರೆ ಕನ್ನಡದಲ್ಲಿ ಈಗ ಅದರ ಮುಖ್ಯ ಅರ್ಥ ದುಡ್ಡಿಲ್ಲದೆ ಸಿಗುವುದು. ಬಸ್ ಟಿಕೆಟ್‌ನಿಂದ ಕಣ್ಣಿನ ತಪಾಸಣೆ ಶಿಬಿರದ ಬ್ಯಾನರ್ ತನಕ ಅದೇ ಪದ. ಅದಕ್ಕೇ ‘ಉಚಿತ ಸಲಕರಣೆ’ ಅಂದ ಕೂಡಲೇ “ಯಾವ ಯೋಜನೆರೀ, ಆಧಾರ್ ಬೇಕೇನು?” ಅಂತ ಕೇಳುತ್ತಾರೆ. ‘ಬಿಟ್ಟಿ’ ಸಂಸ್ಕೃತದ ವಿಷ್ಟಿಯಿಂದ ಬಂದದ್ದು, ಹಿಂದೆ ಕೂಲಿ ಕೊಡದೆ ಮಾಡಿಸಿಕೊಳ್ಳುತ್ತಿದ್ದ ದುಡಿಮೆಯ ಹೆಸರು. ‘ಬಿಟ್ಟಿ ಚಾಕರಿ’ಯಲ್ಲಿ ಆ ನೋವು ಇನ್ನೂ ಇದೆ, ಅದನ್ನು ಇಲ್ಲಿಗೆ ತರಲು ನನಗೆ ಇಷ್ಟವಿಲ್ಲ. ‘ಪುಕ್ಕಟೆ’ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಆದರೆ ಪುಕ್ಕಟೆ ಸಲಹೆ ಅಂದರೆ ಬೆಲೆ ಇಲ್ಲದ ಸಲಹೆ. ‘ಧರ್ಮಕ್ಕೆ’ ಅನ್ನೋಣ ಅಂದರೆ, ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಅನ್ನುವ ಗಾದೆ ಬಟ್ಟೆ ವ್ಯಾಪಾರದವರಿಗೆ ನನಗಿಂತ ಚೆನ್ನಾಗಿ ಗೊತ್ತು!

ಈ ಪದವೂ ಸುಮ್ನೆ ಅಲಂಕಾರಕ್ಕೆ ಬೇಕಾದದ್ದಲ್ಲ. ಗೂಗಲ್ ಕಡೆಯವರು ಅಂತ ಹೇಳಿಕೊಂಡು ಫೋನ್ ಮಾಡಿ, ಮ್ಯಾಪ್‌ನಲ್ಲಿ ಅಂಗಡಿ ಕಾಣಬೇಕಾದರೆ ವರ್ಷಕ್ಕೆ ಇಷ್ಟು ಕಟ್ಟಿ ಅನ್ನುವವರಿದ್ದಾರೆ. ಪ್ರೊಫೈಲ್‌ಗೆ ಗೂಗಲ್ ದುಡ್ಡು ಕೇಳುವುದಿಲ್ಲ. ಅಂಗಡಿ ನಮ್ಮದೇ ಅಂತ ತೋರಿಸಿಕೊಡುವ ಹಂತದಲ್ಲೂ ಕೇಳುವುದಿಲ್ಲ. ಎಷ್ಟೋ ಸಲ ಬೀದಿ, ಬೋರ್ಡು, ಒಳಗಿನ ಗಲ್ಲಾ ಕಾಣುವಂತೆ ಒಂದು ವಿಡಿಯೊ ತೆಗೆದು ಕಳಿಸಬೇಕಾಗುತ್ತದೆ, ಅಷ್ಟೇ. ಹಾಗಾಗಿ ವಿಶೇಷಣ ಬಿಟ್ಟು ‘ಯಾರಿಗೂ ದುಡ್ಡು ಕಟ್ಟಬೇಕಿಲ್ಲ’ ಅಂತ ವಾಕ್ಯವನ್ನೇ ಬರೆದೆ. ಹೊದಿಕೆಯ ಮೇಲೆ ಮಾತ್ರ ಚಿಕ್ಕದು ಬೇಕು. ‘ಖರ್ಚಿಲ್ಲದ ಪ್ರಚಾರ’ ಅಂದರೆ ಹೇಗೆ? ‘ಪ್ರಚಾರ’ಕ್ಕೆ ಚುನಾವಣೆಯ ನೆರಳಿದೆ, ‘ಜಾಹೀರಾತು’ ಅಂದರೆ ದುಡ್ಡು ಕೊಟ್ಟು ಹಾಕಿಸುವುದು ಅಂತಲೇ ರೂಢಿ. ‘ಜಾಹೀರು ಮಾಡು’ ಅನ್ನುವುದಕ್ಕೆ ದುಡ್ಡಿನ ಸಂಬಂಧವೇ ಇರಲಿಲ್ಲ, ಎಲ್ಲರಿಗೂ ತಿಳಿಸು ಅಂತ ಅಷ್ಟೇ.

ಇನ್ನು ವಾಟ್ಸಾಪ್ ಬಿಸಿನೆಸ್. 2018ರಲ್ಲಿ ಬಂದ ಈ ಆ್ಯಪ್‌ನ ಅರ್ಧ ಕೆಲಸಕ್ಕೆ ನಮ್ಮ ವ್ಯಾಪಾರಿಗಳ ಹತ್ತಿರ ಪದ ಮೊದಲೇ ಇದೆ. ಮಾತುಕತೆಗಳಿಗೆ ಬಣ್ಣದ ಲೇಬಲ್ ಹಚ್ಚುವ ಸೌಲಭ್ಯ ಇದೆಯಲ್ಲ, ಅಲ್ಲಿ ಇಂಗ್ಲಿಷ್‌ನಲ್ಲಿ ‘ಪೆಂಡಿಂಗ್ ಪೇಮೆಂಟ್’, ‘ಪೇಯ್ಡ್’ ಅಂತ ಇರುತ್ತದೆ. ಅವುಗಳ ಹೆಸರನ್ನು ನಾವೇ ಬದಲಿಸಬಹುದು. ‘ಬಾಕಿ’, ‘ಚುಕ್ತಾ’ ಅಂತ ಬದಲಿಸಿ ತೋರಿಸಿದಾಗ ಮುಂದಿನದನ್ನು ಹೇಳಿಕೊಡುವ ಕೆಲಸವೇ ಉಳಿಯಲಿಲ್ಲ. “ಉದ್ರಿಗೆ ಕೆಂಪ ಹಚ್ಚತೀನಿ” ಅಂತ ಅವರೇ ಶುರು ಮಾಡಿದರು. ‘ಕ್ಯಾಟಲಾಗ್’ ಹಾಗೇ ಇರಲಿ. 500 ಸರಕುಗಳ ತನಕ ಫೋಟೊ, ಬೆಲೆ ಹಾಕಿ ಇಡಬಹುದು. ಬಟ್ಟೆ ಅಂಗಡಿಯಲ್ಲಿ ಆ ಪದ ಆಗಲೇ ಚಾಲ್ತಿಯಲ್ಲಿದೆ.

‘ಬ್ರಾಡ್‌ಕಾಸ್ಟ್ ಲಿಸ್ಟ್’ ಮಾತ್ರ ಕಾಡುತ್ತಿದೆ. ಒಂದು ಪಟ್ಟಿಯಲ್ಲಿ 256 ಜನರ ತನಕ ಸೇರಿಸಬಹುದು. ಒಂದೇ ಸಲ ಕಳಿಸಿದರೂ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ, ಅವರೊಬ್ಬರಿಗೇ ಬರೆದಂತೆ ಹೋಗುತ್ತದೆ. ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಇದು ಗೊತ್ತಿಲ್ಲದೆ ಜನ ಗ್ರೂಪ್ ಮಾಡುತ್ತಾರೆ, ಗಿರಾಕಿಗಳ ನಂಬರ್ ಎಲ್ಲ ಒಬ್ಬರದೊಬ್ಬರಿಗೆ ಕಾಣುತ್ತದೆ, ಬೇಜಾರಾಗಿ ಹೊರಗೆ ಹೋಗುತ್ತಾರೆ. ‘ಪ್ರಸಾರ ಪಟ್ಟಿ’ ಅಂದರೆ ಆಕಾಶವಾಣಿ ನೆನಪಾಗುತ್ತದೆ, ‘ಸುತ್ತೋಲೆ’ ಕಚೇರಿಯದು. ಗುಂಪಿಗೆ ಹೇಳಿದರೂ ಒಬ್ಬೊಬ್ಬರಿಗೇ ಹೇಳಿದಂತೆ ಅನ್ನುವ ಅರ್ಥ ಬರುವ ಪದ ನನಗೆ ಹೊಳೆದಿಲ್ಲ.

ಕೊನೆಯದು ‘ಕೀವರ್ಡ್’, ಅಂದರೆ ಗೂಗಲ್‌ನಲ್ಲಿ ಹುಡುಕಲು ಜನ ಬರೆಯುವ ಪದ. ‘ಹುಡುಕುಪದ’ ಅಂತ ಇಟ್ಟಿದ್ದೇನೆ, ಇದರಲ್ಲಿ ನನಗೆ ಅನುಮಾನ ಕಡಿಮೆ. ಇದನ್ನು ವಿವರಿಸಲು ಇಳಕಲ್ ಹೆಸರೇ ಸಾಕು. ನಾವು ಇಳಕಲ್, ಇಲಕಲ್ ಎರಡೂ ಬರೆಯುತ್ತೇವೆ. ಮಹಾರಾಷ್ಟ್ರದಲ್ಲಿ ಈ ಸೀರೆಗೆ ದೊಡ್ಡ ಗಿರಾಕಿ ಇದೆ, ಅಲ್ಲಿ ಇದು ‘ಇರಕಲ್’. ಖಣ ಮಾತ್ರ ಎರಡೂ ಕಡೆ ಖಣವೇ. ಅಂಗಡಿಯವರು ತಮ್ಮ ವಿವರದಲ್ಲಿ ‘ಇಳಕಲ್’ ಒಂದನ್ನೇ ಬರೆದು ಕೂತರೆ, ಸೊಲ್ಲಾಪುರದಲ್ಲಿ ಕೂತು ‘ಇರಕಲ್’ ಅಂತ ಹುಡುಕುವ ಹೆಣ್ಣುಮಗಳಿಗೆ ಆ ಅಂಗಡಿ ಕಾಣದೇ ಹೋಗಬಹುದು. ಗೂಗಲ್ ಟ್ರೆಂಡ್ಸ್‌ನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು, ಯಾವ ರಾಜ್ಯದಲ್ಲಿ ಯಾವುದು ಜಾಸ್ತಿ ಅಂತ ನೋಡಬಹುದು. ಅಲ್ಲಿ ಬರುವ 0ಯಿಂದ 100ರ ಅಂಕಿ ಹೋಲಿಕೆಯದು, ಹುಡುಕಿದವರ ತಲೆಲೆಕ್ಕ ಅಲ್ಲ. ಇದನ್ನು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲೇ ಹಾಕುತ್ತೇನೆ.

ಅಂದ ಹಾಗೆ, ಹಳೆಯ ಲೇಖನಗಳಲ್ಲಿ ‘ಗೂಗಲ್ ಮೈ ಬಿಸಿನೆಸ್’ ಅಂತ ಕಂಡರೆ ಅದು ಈಗಿನ ಗೂಗಲ್ ಬಿಸಿನೆಸ್ ಪ್ರೊಫೈಲೇ. ಹೆಸರು ಬದಲಾದದ್ದು 2021ರಲ್ಲಿ.

ಕರಾವಳಿ, ಮಲೆನಾಡು, ಹಳೇ ಮೈಸೂರು ಕಡೆಯವರು ತಮ್ಮ ಊರಿನ ಅಂಗಡಿಗಳಲ್ಲಿ ಕಿವಿಗೆ ಬಿದ್ದದ್ದನ್ನು ತಿಳಿಸಿ. ನಿಘಂಟಿನ ಪದಕ್ಕಿಂತ ಗಲ್ಲೆಯ ಮೇಲೆ ಕೂತವರು ಆಡುವ ಮಾತು ನನಗೆ ಹೆಚ್ಚು ಬೇಕು. ಬ್ರಾಡ್‌ಕಾಸ್ಟ್ ಲಿಸ್ಟ್‌ಗೆ ಏನನ್ನಬಹುದು? ಸುಳ್ಳು ರಿವ್ಯೂಗೆ ‘ಅನಿಸಿಕೆ’ಯನ್ನು ಒಳಗೊಂಡ ಮಾತು ಬೇಕೇ, ಅಥವಾ ಬೇರೆಯದೇ ಪದ ಇರಲಿ ಅನ್ನುತ್ತೀರಾ? ‘ಅನಿಸಿಕೆ’ ಬೇಡ, ಎಲ್ಲರೂ ರಿವ್ಯೂ ಅಂತಲೇ ಅನ್ನುತ್ತಾರೆ, ಹಾಗೇ ಬಿಡಿ ಅನ್ನುವವರಿದ್ದರೆ ಅದನ್ನೂ ಕಾರಣ ಸಮೇತ ಬರೆಯಿರಿ. ಮುದ್ರಣಕ್ಕೆ ಇನ್ನೂ ಕೊಟ್ಟಿಲ್ಲ, ಬದಲಿಸಲು ಸಮಯ ಇದೆ.