ಎಲೆಕ್ಟ್ರಾನ್ ಇಷ್ಟು ನಿಧಾನವಾದರೆ ಕರೆಂಟ್ ತಕ್ಷಣ ಹೇಗೆ ಬರುತ್ತದೆ?

ಹೊಳೆಬದಿ:
ಮಗಳ ಪಿಯುಸಿ ಫಿಸಿಕ್ಸ್‌ನಲ್ಲಿ ಒಂದು ಲೆಕ್ಕ ಬಂತು. 2.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ 5 ಆಂಪಿಯರ್ ಹರಿದರೆ (ಇಸ್ತ್ರಿ ಪೆಟ್ಟಿಗೆ ಹೆಚ್ಚು ಕಡಿಮೆ ಅಷ್ಟೇ ಎಳೆಯುತ್ತದೆ) ಎಲೆಕ್ಟ್ರಾನ್ ಮುಂದೆ ಸಾಗುವುದು ಸೆಕೆಂಡಿಗೆ ಬರೀ 0.15 ಮಿ.ಮೀ. ಗಂಟೆಗೆ ಅರ್ಧ ಮೀಟರ್! ಆದರೆ ಸ್ವಿಚ್ ಹಾಕಿದ ಕೂಡಲೇ ಪೆಟ್ಟಿಗೆ ಕಾಯಲು ಶುರುವಾಗುತ್ತದೆ ಅಲ್ವಾ? ಹಾಗಾದರೆ ಬರುತ್ತಿರುವುದು ಏನು?

ತಂತಿಪಾಡು:
ಲೆಕ್ಕ ಸರಿಯಾಗಿದೆ. ಅದೂ ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟಿಗೆ. ಮನೆಗೆ ಬರುವುದು ಎಸಿ, ಸೆಕೆಂಡಿಗೆ 50 ಸಲ ಹಿಂದೆ ಮುಂದೆ. ಅದೇ 5 ಆಂಪಿಯರ್‌ಗೆ ಲೆಕ್ಕ ಹಾಕಿದರೆ ಎಲೆಕ್ಟ್ರಾನ್ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನಷ್ಟು ಜಾಗದಲ್ಲಿ ಸುಮ್ನೆ ಅಲ್ಲೇ ಓಲಾಡುತ್ತಿರುತ್ತದೆ. ಎಲ್ಲಿಗೂ ಹೋಗುವುದಿಲ್ಲ. ನೀರು ತುಂಬಿರುವ ಪೈಪಿನ ಈ ತುದಿಯಲ್ಲಿ ಒತ್ತಿದರೆ ಆ ತುದಿಗೆ ಗೊತ್ತಾಗುತ್ತದಲ್ಲ, ಹಾಗೆ ಸಾಗುವುದು ಒತ್ತಡ. ವೈರಿನಲ್ಲಿ ಅದು ಬೆಳಕಿನ ವೇಗಕ್ಕಿಂತ ಸ್ವಲ್ಪ ಕಡಿಮೆ ವೇಗದಲ್ಲಿ ಓಡುತ್ತದೆ.

ಬಯಲುಸೀಮೆ:
ಪೈಪಿನ ಮಾತು ಒಂದು ಹಂತದವರೆಗೆ ಮಾತ್ರ ಸರಿ. ನಿಮ್ಮ ಬೀದಿ ಕೊನೆಯ ಟ್ರಾನ್ಸ್‌ಫಾರ್ಮರ್ ನೋಡಿ. ಅದರೊಳಗೆ ಎರಡು ಸುರುಳಿ ಇರುತ್ತವೆ, ಒಂದರ ತಾಮ್ರ ಇನ್ನೊಂದಕ್ಕೆ ತಾಗುವುದೇ ಇಲ್ಲ, ಮಧ್ಯೆ ಇನ್ಸುಲೇಶನ್. ಒಂದು ಎಲೆಕ್ಟ್ರಾನೂ ಆಚೆಯಿಂದ ಈಚೆ ದಾಟುವುದಿಲ್ಲ, ಆದರೂ ಇಡೀ ಬೀದಿಗೆ ಬೇಕಾದ ಶಕ್ತಿ ದಾಟುತ್ತದೆ. ದಾಟಿಸುವುದು ಕಾಂತಕ್ಷೇತ್ರ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ಲೈನ್ ಎಳೆದು ಕರೆಂಟ್ ಕೊಟ್ಟಾಗಲೂ ಇಷ್ಟೇ. ಕಾವೇರಿ ನೀರು ಬಿದ್ದ ಶಕ್ತಿ ಗಣಿ ತಲುಪಿತು, ಶಿವನಸಮುದ್ರದ ಎಲೆಕ್ಟ್ರಾನ್ ತಲುಪಲಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ಶಕ್ತಿ ಹರಿಯುವುದು ತಾಮ್ರದ ಒಳಗೂ ಅಲ್ಲ. ಫೇಸ್ ವೈರ್ ಮತ್ತು ನ್ಯೂಟ್ರಲ್ ವೈರ್ ಸುತ್ತ ಇರುವ ವಿದ್ಯುತ್ ಮತ್ತು ಕಾಂತಕ್ಷೇತ್ರಗಳಲ್ಲಿ. 1884ರಲ್ಲಿ ಇಂಗ್ಲಿಷ್ ಭೌತವಿಜ್ಞಾನಿ ಪಾಯಿಂಟಿಂಗ್ ಇದನ್ನು ಗಣಿತದಲ್ಲಿ ತೋರಿಸಿದರು. ವೈರ್ ಒಳಗೆ ನುಗ್ಗುವ ಚೂರು ಪಾಲು ಬಿಸಿಯಾಗಿ ಹೋಗುತ್ತದೆ, ನಾವು ಲೈನ್ ಲಾಸ್ ಅನ್ನುವುದು ಅದನ್ನೇ. ನನಗೆ ಫಿಸಿಕ್ಸಿನಲ್ಲಿ ಇದಕ್ಕಿಂತ ಚೆಂದದ ಸಂಗತಿ ಕಂಡಿಲ್ಲ, ಮಗಳಿಗೆ ದಯವಿಟ್ಟು ಹೇಳಿ.

ಹೊಳೆಬದಿ:
ಟ್ರಾನ್ಸ್‌ಫಾರ್ಮರ್ ವಿಷಯ ಕೇಳಿ ಅವಳ ಕಣ್ಣರಳಿತು. ಈಗ ಅವಳದೇ ಪ್ರಶ್ನೆ: ಬೆಳಕು ಕೂಡ ಇದೇ ವಿದ್ಯುತ್ ಮತ್ತು ಕಾಂತಕ್ಷೇತ್ರಗಳ ಅಲೆ ಅಲ್ವಾ, ಎಲ್ಲ ಅಲೆಯೇ ಆದರೆ ಬೆಳಕನ್ನು ಕಣ ಅನ್ನುವುದು ಯಾಕೆ?

ತಂತಿಪಾಡು:
ಸಾಗುವಾಗ ಅಲೆಯ ಲೆಕ್ಕ, ಕೈಗೆ ಸಿಗುವಾಗ ಕಣದ ಲೆಕ್ಕ. ಸೋಲಾರ್ ಪ್ಯಾನೆಲ್ಲಿನ ಸಿಲಿಕಾನ್‌ಗೆ ಒಂದು ಎಲೆಕ್ಟ್ರಾನ್ ಬಿಡಿಸಲು ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ತೀರಾ ಚಿಕ್ಕ ಅಳತೆ) ಬೇಕು, ಅದೂ ಒಂದೇ ಫೋಟಾನ್‌ನಿಂದ, ಅಂದರೆ ಬೆಳಕಿನ ಒಂದೇ ಕಣದಿಂದ. 1100 ನ್ಯಾನೋಮೀಟರಿಗಿಂತ ಉದ್ದದ ಅವಕೆಂಪು ಬೆಳಕು ಎಷ್ಟು ಜಾಸ್ತಿ ಬಿದ್ದರೂ ಕರೆಂಟ್ ಬರುವುದಿಲ್ಲ, ಚಿಲ್ಲರೆ ಕೂಡಿಸಿ ಕೊಡುವ ವ್ಯವಹಾರ ಅಲ್ಲಿ ನಡೆಯುವುದಿಲ್ಲ. ಬರೀ ಅಲೆಯಾಗಿದ್ದರೆ ಹಾಗಾಗಬಾರದಿತ್ತು. ಲೋಹದ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನ್ ಹೊರಬರುವುದಕ್ಕೆ ಐನ್‌ಸ್ಟೈನ್ 1905ರಲ್ಲಿ ಕೊಟ್ಟ ವಿವರಣೆಯೂ ಇದೇ. ಅವರ 1921ರ ನೊಬೆಲ್ ಬಂದದ್ದು ಇದಕ್ಕೆ, ಸಾಪೇಕ್ಷತೆಗಲ್ಲ.

ಹೊಳೆಬದಿ:
ಕೊನೆಯದಾಗಿ, ಎಲೆಕ್ಟ್ರಾನ್ ಅಲ್ಲಲ್ಲೇ ಇದ್ದರೆ ಬಿಲ್ ಯಾವುದಕ್ಕೆ ಕಟ್ಟುತ್ತಿದ್ದೇವೆ?

ಬಯಲುಸೀಮೆ:
ಶಕ್ತಿಗೆ. ಮೀಟರ್ ಎಲೆಕ್ಟ್ರಾನ್ ಎಣಿಸುವುದಿಲ್ಲ, ವೋಲ್ಟೇಜು ಮತ್ತು ಕರೆಂಟು ಎರಡನ್ನೂ ಸೇರಿಸಿ ಅಳೆಯುತ್ತದೆ. ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್.